ಅರವತ್ತು ಕೆಜಿಗೆ ಬಂದ ಮೇಲೆ

ತಾಂಡವಪುರದಲ್ಲಿ ಹೆಂಗಸೊಬ್ಬಳು ಸಣ್ಣಗಾದರೆ ಊರಿಗೆ ತೋಚುವುದು ಎರಡೇ ಕಾರಣ. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ಗಂಡ. ಗುರುಸಿದ್ದಮ್ಮ ಹದಿನಾಲ್ಕು ತಿಂಗಳಲ್ಲಿ ಎಪ್ಪತ್ತಾರು ಕೆಜಿಯಿಂದ ಅರವತ್ತಕ್ಕೆ ಇಳಿದಾಗ ಊರು ಎರಡನ್ನೂ ವಿಚಾರಿಸಿ ನೋಡಿತು. ಸಕ್ಕರೆ ಕಾಯಿಲೆ ಇರಲಿಲ್ಲ. ಗಂಡ ಮಹದೇವಯ್ಯ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟು ಮುಗಿಸಿ ಬಂದು, ಉಂಡು, ಟಿವಿ ಮುಂದೆ ಗೊರಕೆ ಹೊಡೆಯುವ ಆಸಾಮಿ. ಅವನ ಕಾಟಕ್ಕೆ ಯಾರೂ ಸೊರಗುವ ಹಾಗಿರಲಿಲ್ಲ.

ನಿಜವಾದ ಕಾರಣ ಮಂಡಿ. ಗುರುಸಿದ್ದಮ್ಮ ಇಪ್ಪತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಕಾಲಲ್ಲಿ ತುಳಿಯುವ ಮೆಷಿನ್ನಿನ ಮೇಲೆ ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದವಳು. 2003ರ ಮಳೆಗಾಲದ ಕೊನೆಗೆ ಎರಡೂ ಮಂಡಿ ಊದಿಕೊಂಡವು. ತುಳಿದರೆ ಜೀವ ಹೋಗುವ ನೋವು. ನಂಜನಗೂಡಿನ ಡಾಕ್ಟರು ಮಂಡಿ ಒತ್ತಿ ನೋಡಿ, "ತೂಕ ಇಳಿಸಮ್ಮ. ಇಲ್ಲಾಂದ್ರೆ ಮೆಷಿನ್ ಬಿಡಬೇಕಾಗುತ್ತೆ" ಎಂದರು.

"ಮೆಷಿನ್ ಬುಟ್ಟು ಮನೇಲಿ ಗೋಡೆ ನೋಡ್ಕಂಡು ಕೂತ್ಕಳನಾ?" ಎಂದು ದಾರಿಯುದ್ದಕ್ಕೂ ಗೊಣಗಿದಳು. ಆದರೆ ಮನೆಗೆ ಬಂದವಳೇ ಹಟ ಹಿಡಿದಳು. ಎರಡು ಮುದ್ದೆ ಇದ್ದದ್ದು ಒಂದಾಯಿತು. ಕಾಫಿಗೆ ಸಕ್ಕರೆ ಹೋಯಿತು. ಹೊಲಿಯುತ್ತಾ ಬಾಯಾಡಿಸುತ್ತಿದ್ದ ಹುರಿಗಡಲೆ ಡಬ್ಬ ಅಟ್ಟ ಹತ್ತಿತು. ಬೆಳಿಗ್ಗೆ ಎದ್ದು ಮೈಸೂರು ರಸ್ತೆಯವರೆಗೆ ನಡೆದು ಬರುತ್ತಿದ್ದಳು. ತಿಂಗಳಿಗೊಮ್ಮೆ ಊರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಮಂಗಳಮ್ಮ ತೂಕ ನೋಡಿ ಬರೆದುಕೊಳ್ಳುತ್ತಿದ್ದಳು.

ಆ ಹದಿನಾಲ್ಕು ತಿಂಗಳು ಗುರುಸಿದ್ದಮ್ಮನಿಗೆ ಮನೆಯಲ್ಲಿ ಹಬ್ಬವೇ. ಬಟ್ಟೆ ಕೊಡಲು ಬಂದವರೆಲ್ಲ, "ಅಯ್ಯೋ ಗುರುಸಿದ್ದಕ್ಕ, ಎಂಗ್ ಇಳ್ದ್ಬುಟ್ಟೆ!" ಎಂದು ಬಾಯಿ ಮೇಲೆ ಬೆರಳಿಡುತ್ತಿದ್ದರು. ಅವಳು ಎದ್ದು ನಿಂತು ಒಂದು ಸುತ್ತು ತಿರುಗಿ ತೋರಿಸುತ್ತಿದ್ದಳು. ಮಂಡಿ ನೋವು ಮಾಯವಾಗಿತ್ತು. ದಿನಕ್ಕೆ ಆರು ರವಿಕೆ ಸಲೀಸಾಗಿ ಮುಗಿಯುತ್ತಿದ್ದವು.

ದೀಪಾವಳಿ ಕಳೆದ ಮೇಲೆ ಅರವತ್ತು ಬಂತು. ಡಾಕ್ಟರು ಹೇಳಿದ್ದ ತೂಕ ಅದೇ. ಅಲ್ಲಿಗೆ ಬಂದ ಮಾರನೆಯ ದಿನದಿಂದ ಏನು ಮಾಡಬೇಕು ಎಂದು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಗೆದ್ಬುಟ್ಟಲ್ಲ, ಮುಗೀತು. ಇನ್ ಒಟ್ಟೆ ತುಂಬ ಉಣ್ಣು" ಎಂದ ಮಹದೇವಯ್ಯ, ಎರಡನೆಯ ಮುದ್ದೆ ತಟ್ಟೆಗೆ ಹಾಕುತ್ತಾ.

ಆ ಮುದ್ದೆಯನ್ನು ಅವಳು ತೆಗೆದು ಮತ್ತೆ ಪಾತ್ರೆಗೇ ಹಾಕಿದಳು. ತಿಂದರೆ ತೂಕ ವಾಪಸ್ಸು, ತೂಕ ವಾಪಸ್ಸಾದರೆ ಮಂಡಿ, ಮಂಡಿ ಹೋದರೆ ಮೆಷಿನ್ನು. ಅವಳ ಲೆಕ್ಕ ಅಷ್ಟೇ. ಹಾಗಾಗಿ ಇನ್ನೂ ಇಳಿಸುತ್ತಿರುವವಳ ಹಾಗೆಯೇ ಉಂಡಳು. ಇಳಿಸಲು ಮಾತ್ರ ಏನೂ ಉಳಿದಿರಲಿಲ್ಲ.

ಉಪಕೇಂದ್ರದ ತಿಂಗಳ ತೂಕ ಸಾಲದೆನಿಸಿತು. ಆಗ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ, ಬಣ್ಣದ ದೀಪ ಮಿಣುಕುತ್ತ, ಕಾಸು ಹಾಕಿದರೆ ತೂಕ ಅಚ್ಚಾದ ಚೀಟಿ ಉಗುಳುವ ಯಂತ್ರವೊಂದಿತ್ತು. ಹಿಂದುಗಡೆ ಭವಿಷ್ಯವೂ ಇರುತ್ತಿತ್ತು. ಗುರುಸಿದ್ದಮ್ಮ ದಾರದ ನೆಪ ಹೇಳಿ ಅಲ್ಲಿಗೆ ಹೋಗತೊಡಗಿದಳು. ಆಮೇಲೆ ಹುಕ್ಕಿನ ನೆಪ. ಒಂದು ತಿಂಗಳಲ್ಲಿ ಇಡೀ ತಾಲ್ಲೂಕಿಗೆ ಸಾಲುವಷ್ಟು ಹುಕ್ಕು ಮನೆಗೆ ಬಂದವು. ಚೀಟಿಗಳನ್ನೆಲ್ಲ ಬಾಬಿನ್ನಿನ ಡಬ್ಬದಲ್ಲಿ ಕೂಡಿಟ್ಟಳು. ಐವತ್ತೊಂಬತ್ತು ಬಂದ ದಿನ ಹಾಡು ಗುನುಗುತ್ತಾ ಹೊಲಿಯುತ್ತಿದ್ದಳು. ಅರವತ್ತೊಂದು ಬಂದ ದಿನ ರಾತ್ರಿ ಊಟ ಇಲ್ಲ. ಚೀಟಿಯ ಹಿಂದೆ "ಶುಭ ಸುದ್ದಿ ಬರಲಿದೆ" ಎಂದಿದ್ದರೂ ಅಷ್ಟೇ.

ಇನ್ನೊಂದು ಸಂಕಟವೂ ಇತ್ತು. ಅದನ್ನು ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಈಗ ಯಾರೂ ಏನೂ ಅನ್ನುತ್ತಿರಲಿಲ್ಲ. ಬಂದವರು ಬಟ್ಟೆ ಕೊಟ್ಟು, ಅಳತೆ ಕೊಟ್ಟು, ಬೆಲೆ ಏರಿಕೆ ಬೈದು ಹೋಗುತ್ತಿದ್ದರು. ಇಳಿಯುತ್ತಿದ್ದಾಗ ಊರೆಲ್ಲ ನೋಡಿತ್ತು. ಇಳಿದು ನಿಂತವಳನ್ನು ನೋಡುವುದಕ್ಕೆ ಏನಿದೆ? ಅದು ಅವಳಿಗೆ ತುಂಬಾ ನೋವು ಮಾಡಿತು.

ಹೀಗಿರುವಾಗ ಮೂಗೂರಿನಿಂದ ತಮ್ಮ ರುದ್ರೇಶನ ಮಗಳ ಮದುವೆಯ ಕರೆ ಬಂತು. ಗುರುಸಿದ್ದಮ್ಮ ಹಸಿರು ರೇಷ್ಮೆಯ ರವಿಕೆ ಕತ್ತರಿಸಿಕೊಂಡಳು. ಅರವತ್ತು ಕೆಜಿಯ ಮೈಗೆ ಒಂದು ನೂಲೂ ಹೆಚ್ಚಿಲ್ಲದ ಹಾಗೆ ಹೊಲಿದಳು. ಕೊನೆಗೆ ಕಂಕುಳ ಹೊಲಿಗೆಯ ಒಳಗೆ ಮಿಕ್ಕಿದ್ದ ಬಟ್ಟೆಯನ್ನು ಕತ್ತರಿಯಿಂದ ಸರಕ್ಕನೆ ಕತ್ತರಿಸಿ ಹಾಕಿದಳು.

ಪಿಯುಸಿ ಓದುವ ಮಗಳು ಬಿಂದುಶ್ರೀ ಕಣ್ಣು ಬಿಟ್ಟಳು. "ಅಮ್ಮ! ಒಳಗೆ ಬಟ್ಟೆ ಬಿಡಲ್ವಾ? ನಾಳೆ ಬಿಗಿ ಆದ್ರೆ ಬಿಚ್ಚೋದೆಂಗೆ?"

"ಬುಟ್ಟಿದ್ರೆ ತಾನೆ ಬಿಚ್ಚೋ ಆಸೆ? ಬ್ಯಾಡ. ಈ ಅಳತೆಗೇ ನಾನಿರ್ಬೇಕು."

ಮದುವೆಗೆ ವಾರವಿರುವಾಗ ತೊಟ್ಟು ನೋಡಿದಳು. ನಡುವಿನ ಹುಕ್ಕು ಕೂರಲಿಲ್ಲ. ಅಂದೇ ಬಸ್ಸು ಹತ್ತಿ ನಂಜನಗೂಡಿಗೆ ಹೋದಳು. ಚೀಟಿಯಲ್ಲಿ ಅರವತ್ತೊಂದೂವರೆ! ಮೂರು ದಿನ ಮಜ್ಜಿಗೆ, ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಕೇಳಿದರೆ, "ಒಟ್ಟೆ ಸರಿಯಿಲ್ಲ" ಎಂದಳು. ನಾಲ್ಕನೆಯ ದಿನ ಬೆಳಿಗ್ಗೆ ಮೆಷಿನ್ನು ತುಳಿಯುತ್ತಿದ್ದಾಗ ಕಣ್ಣು ಕತ್ತಲೆ ಬಂತು. ಕೈ ಜಾರಿತು. ಸೂಜಿ ತೋರುಬೆರಳಿಗೆ ಇಳಿಯಿತು.

ರಾತ್ರಿ ಶಿಫ್ಟು ಮುಗಿಸಿ ಆಗಷ್ಟೇ ಬಂದಿದ್ದ ಮಹದೇವಯ್ಯ ಬನಿಯನ್ನಿನಲ್ಲೇ ಓಡಿಹೋಗಿ ಸಿಸ್ಟರನ್ನು ಕರೆತಂದ. ಮಂಗಳಮ್ಮ ಗಾಯ ತೊಳೆದು, ಪಟ್ಟಿ ಕಟ್ಟಿ, ಟಿಟಿ ಇಂಜೆಕ್ಷನ್ನು ಕೊಟ್ಟಳು. ಆಮೇಲೆ ಗುರುಸಿದ್ದಮ್ಮನ ಬಿಳಿಚಿದ ಮುಖ ನೋಡಿ, "ಬಿಂದು, ಒಂದು ಲೋಟ ಹಾಲು, ಒಂದು ಬಾಳೆಹಣ್ಣು ತಾಮ್ಮ" ಎಂದಳು.

"ಅಣ್ಣು ಬ್ಯಾಡ ಸಿಸ್ಟರ್, ಮದ್ವೆ ಅದೆ" ಎಂದಳು ಗುರುಸಿದ್ದಮ್ಮ.

"ಮದುವೆಗೂ ಬಾಳೆಹಣ್ಣಿಗೂ ಏನಕ್ಕ ದ್ವೇಷ?"

ಉತ್ತರವನ್ನು ಬಿಂದುಶ್ರೀ ಕೊಟ್ಟಳು. "ಮೂರು ದಿನದಿಂದ ಬರೀ ಮಜ್ಜಿಗೆ ಸಿಸ್ಟರ್" ಎಂದು ಬಾಬಿನ್ನಿನ ಡಬ್ಬ ತಂದು ಸಿಸ್ಟರ್ ಮಡಿಲಿಗೆ ಸುರಿದಳು. ಐವತ್ತಕ್ಕೂ ಹೆಚ್ಚು ಚೀಟಿ. ಮಹದೇವಯ್ಯನ ಬಾಯಿ ತೆರೆದುಕೊಂಡಿತು.

"ಇದೇನು ಸಿಸ್ಟರ್ ಇವ್ಳ ಕತೆ! ಇಳ್ಸೋದ್ ಇಳ್ಸಾಯ್ತು. ಮುಗ್ದ್ ಕೆಲ್ಸಕ್ಕೆ ಇಷ್ಟೊಂದ್ ರಗಳೆ ಯಾಕೆ?"

"ಮುಗಿದಿಲ್ಲ ಕಣಣ್ಣ. ಇಳಿಸೋ ಕೆಲಸ ಮುಗೀತು, ಉಳಿಸ್ಕೊಳ್ಳೋ ಕೆಲಸ ಈಗ ಶುರು. ಮುಗೀತು ಅಂತ ನೀವು ಮುದ್ದೆ ಮೇಲೆ ಮುದ್ದೆ ಹಾಕ್ತೀರ. ಮುಗಿಯೋದೇ ಇಲ್ಲ ಅಂತ ಅಕ್ಕ ಉಪವಾಸ ಬೀಳ್ತಾರೆ. ಇಬ್ಬರದೂ ತಪ್ಪೇ."

ಗುರುಸಿದ್ದಮ್ಮನಿಗೆ ಅಳು ತಡೆಯಲಾಗಲಿಲ್ಲ. "ತಿಂದ್ರೆ ಎಲ್ಲಾ ವಾಪಸ್ ಬತ್ತದೆ ಅಂತ ಭಯ ಆಯ್ತದೆ ಸಿಸ್ಟರ್. ಮೊದ್ಲು ಯಾರಾದ್ರೂ ಏನಾದ್ರೂ ಒಂದ್ ಒಳ್ಳೆ ಮಾತಾಡೋರು. ಈಗ ಯಾರೂ ಏನೂ ಅನ್ನಲ್ಲ. ಕನ್ನಡೀಲಿ ನೋಡ್ಕಂಡ್ರೆ ಅದೇ ದಪ್ಪ ಎಂಗ್ಸು ನಿಂತಿರ್ತಾಳೆ."

ಮಂಗಳಮ್ಮ ಅವಳ ಕೈ ಹಿಡಿದುಕೊಂಡಳು. "ಮೈ ಅರವತ್ತಕ್ಕೆ ಬಂತು, ಮನಸ್ಸು ಇನ್ನೂ ಎಪ್ಪತ್ತಾರರಲ್ಲೇ ಐತೆ. ಮೈಗೆ ಹದಿನಾಲ್ಕು ತಿಂಗಳು ಕೊಟ್ರಿ, ಮನಸ್ಸಿಗೂ ಸ್ವಲ್ಪ ಟೈಮು ಕೊಡಿ. ತುಂಬಾ ಜನಕ್ಕೆ ಹಿಂಗಾಗ್ತದೆ. ನಾಚ್ಕೋಬೇಡಿ."

ಅಷ್ಟರಲ್ಲಿ ಸಿಸ್ಟರ್ ಕಣ್ಣು ಮೊಳೆಗೆ ನೇತುಹಾಕಿದ್ದ ಹಸಿರು ರವಿಕೆಯ ಮೇಲೆ ಬಿತ್ತು. ತೆಗೆದುಕೊಂಡು ಒಳಮಗ್ಗುಲು ತಿರುಗಿಸಿ ನೋಡಿದಳು.

"ಅಕ್ಕ, ನನ್ನ ರವಿಕೆಗೆ ಒಳಗೆ ಎಷ್ಟು ಬಟ್ಟೆ ಬಿಡ್ತೀರ?"

"ಒಂದಿಂಚು. ಎಲ್ರಿಗೂ ಬುಡ್ತೀನಿ."

"ಯಾಕೆ?"

"ಇದೇನ್ ಸಿಸ್ಟರ್, ಗೊತ್ತಿಲ್ದೋರಂಗೆ! ಮೈ ಅನ್ನೋದು ದಿನಾ ಒಂದೇ ತರ ಇರ್ತದಾ? ಅಬ್ಬ ಬತ್ತದೆ, ನೆಂಟ್ರ ಮನೆ ಊಟ ಬತ್ತದೆ, ತಿಂಗ್ಳ ಆ ನಾಕು ದಿನ ಮೈ ಊದ್ಕತದೆ. ಬಟ್ಟೆ ಬುಡ್ದೆ ಒಲಿಯೋರು ಟೈಲರ್ರೇ ಅಲ್ಲ…"

ಗುರುಸಿದ್ದಮ್ಮ ಸಿಸ್ಟರ್ ಕೈಯಲ್ಲಿದ್ದ ರವಿಕೆ ನೋಡಿದಳು. ಇಪ್ಪತ್ತು ವರ್ಷದಲ್ಲಿ ಊರಿನ ಒಬ್ಬ ಹೆಂಗಸಿಗೂ ಮಾಡದ ಅನ್ಯಾಯವನ್ನು ತನಗೆ ತಾನೇ ಮಾಡಿಕೊಂಡಿದ್ದಳು.

"ಅರವತ್ತು ಅನ್ನೋದು ಗೆರೆ ಅಲ್ಲಕ್ಕ" ಎಂದಳು ಮಂಗಳಮ್ಮ. "ಆ ಕಡೆ ಎರಡು ಕೆಜಿ, ಈ ಕಡೆ ಎರಡು ಕೆಜಿ ಜಾಗ ಇಟ್ಕೊಳ್ಳಿ. ಐವತ್ತೆಂಟರಿಂದ ಅರವತ್ತೆರಡು. ಅದರೊಳಗೆ ಎಲ್ಲಿದ್ರೂ ಗೆದ್ದಂಗೇ."

"ಅರವತ್ತೆರಡು ದಾಟುದ್ರೆ?"

"ಒಂದು ವಾರ ದಾಟಿದ್ರೆ ಸುಮ್ನಿರಿ. ಎರಡು ವಾರ ಆದ್ರೂ ಇಳೀಲಿಲ್ಲ ಅಂದ್ರೆ ಕಾಫಿ, ಕರಿದ ತಿಂಡಿ, ರಾತ್ರಿ ಅನ್ನ, ಎಲ್ಲಿ ಜಾಸ್ತಿ ಆಯ್ತು ನೋಡಿ ಒಂಚೂರು ಕಡಿಮೆ ಮಾಡಿ. ಉಪವಾಸ ಬೇಡ. ಐವತ್ತೆಂಟಕ್ಕಿಂತ ಕೆಳಗೆ ಹೋದ್ರೆ ನನ್ನತ್ರ ಬನ್ನಿ. ಈಗಿನ ಊಟಕ್ಕೆ ಮೊದಲು ಅರ್ಧ ಮುದ್ದೆ, ಒಂದಿಷ್ಟು ಕಾಳು ಸೇರಿಸಿ. ತೂಕ ನಿಂತರೆ ಅದೇ ನಿಮ್ಮ ಅಳತೆ. ಬೆಳಗಿನ ನಡಿಗೆ ಮಾತ್ರ ಬಿಡಬೇಡಿ."

"ನನ್ ಮಂಡಿ?"

"ಮಂಡಿಗೆ ಒಂದು ಕೆಜಿ ಆಚೆ ಈಚೆ ಗೊತ್ತಾಗಲ್ಲ. ನೀವು ಇಳಿಸಿದ ಹದಿನಾರು ಗೊತ್ತಾಗ್ತದೆ. ಆದ್ರೆ ತಲೆಸುತ್ತಿ ಬೆರಳೇ ಹೋದ್ರೆ, ಮಂಡಿ ಗಟ್ಟಿ ಇದ್ದು ಏನು ಹೊಲೀತೀರಾ?"

ಗುರುಸಿದ್ದಮ್ಮ ಪಟ್ಟಿ ಕಟ್ಟಿದ ಬೆರಳು ನೋಡಿಕೊಂಡಳು. ಮೆಷಿನ್ನು ಉಳಿಸಿಕೊಳ್ಳಲು ಉಪವಾಸ ಬಿದ್ದು, ಇವತ್ತು ಮೆಷಿನ್ನಿಂದಲೇ ಎದ್ದು ಬಂದಿದ್ದಳು. ಬಾಳೆಹಣ್ಣಿನ ಸಿಪ್ಪೆ ಸುಲಿದಳು.

ಮಾರನೆಯ ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ಉಪಕೇಂದ್ರದ ತೂಕದ ಮೇಲೆ ನಿಂತಳು. ಅರವತ್ತು.

"ಬಸ್ ಸ್ಟ್ಯಾಂಡಲ್ಲಿ ಅರವತ್ತೊಂದೂವರೆ ಅಂತು!"

"ಅಲ್ಲಿಗೆ ಉಂಡು, ನೀರು ಕುಡಿದು, ಹುಕ್ಕಿನ ಚೀಲ ಹಿಡ್ಕೊಂಡು ಹೋಗಿದ್ರಿ. ಆಮೇಲೆ ಮೂರು ದಿನ ಉಪವಾಸ ಬೇರೆ. ಆ ಮೆಷಿನ್ನೇ ಬೇರೆ, ಇದೇ ಬೇರೆ. ವಾರಕ್ಕೊಂದು ಸಲ, ಸೋಮವಾರ ಬೆಳಿಗ್ಗೆ, ಇಲ್ಲೇ ಬನ್ನಿ. ಇಲ್ಲದ ಭಯ ತಂದುಕೊಳ್ಳಬೇಡಿ" ಎಂದ ಮಂಗಳಮ್ಮ, ಹೊರಗೆ ನಿಂತಿದ್ದ ಮಹದೇವಯ್ಯನ ಕಡೆ ತಿರುಗಿದಳು. "ಅಣ್ಣ, ತಿನ್ನು ತಿನ್ನು ಅಂತ ಬಲವಂತ ಮಾಡಬೇಡಿ. ತಟ್ಟೆ ನೋಡಿ ಕಾಮೆಂಟೂ ಬೇಡ. ಬೆಳಿಗ್ಗೆ ಜೊತೇಲಿ ನಡೀರಿ."

"ನಾನಾ? ಶಿಫ್ಟ್ ಮುಗ್ಸಿ ಬಂದು?"

"ನಿಮ್ಮ ಹೊಟ್ಟೆನೂ ನೋಡ್ತಾ ಇದ್ದೀನಿ" ಎಂದಳು ಸಿಸ್ಟರ್. ಮಹದೇವಯ್ಯ ಉಸಿರು ಒಳಗೆಳೆದುಕೊಂಡು ನಿಂತ.

ಇನ್ನು ರವಿಕೆಯ ಗತಿ ಏನು? ರೇಷ್ಮೆ ತುಂಡನ್ನು ಯಾವ ಟೈಲರೂ ಬಿಸಾಕುವುದಿಲ್ಲ. ಬಿಂದುಶ್ರೀ ಚೂರು ಬಟ್ಟೆಯ ಗಂಟು ಬಿಚ್ಚಿ, ಅಮ್ಮ ಕತ್ತರಿಸಿ ಹಾಕಿದ್ದ ಆ ಎರಡು ಹಸಿರು ಪಟ್ಟಿಗಳನ್ನೇ ಹುಡುಕಿ ತೆಗೆದಳು. ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು, ಮಗಳು ತುಳಿದು ಕಂಕುಳಿಗೆ ಜೋಡಿಸಿದಳು. ಹೊಲಿಗೆ ಸ್ವಲ್ಪ ಸೊಟ್ಟ. ಕೈ ಎತ್ತಿದರಷ್ಟೇ ಕಾಣುತ್ತಿತ್ತು. ಮೂಗೂರಿನ ಮದುವೆ ಮನೆಯಲ್ಲಿ ಗುರುಸಿದ್ದಮ್ಮ ಕೈ ಎತ್ತಲಿಲ್ಲ, ಅಕ್ಷತೆಯನ್ನೂ ಕೆಳಗಿನಿಂದಲೇ ಎಸೆದಳು.

ಊಟದ ಪಂಕ್ತಿಯಲ್ಲಿ ತಮ್ಮನ ಹೆಂಡತಿ, "ಎಷ್ಟ್ ಸೊರ್ಗಿದ್ದೀರಿ ಅತ್ಗೆ, ಇನ್ನೊಂದ್ ಆಕಿಸ್ಕಳಿ" ಎಂದು ಹೋಳಿಗೆ ಹಿಡಿದು ನಿಂತಳು. ಗುರುಸಿದ್ದಮ್ಮ ಒಂದು ಹೋಳಿಗೆ ತುಪ್ಪ ಹಾಕಿಸಿಕೊಂಡು ನಿಧಾನವಾಗಿ ತಿಂದಿದ್ದಳು. ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. "ಸೊರ್ಗಿಲ್ಲ ಕಣವ್ವ, ಸರಿಯಾಗಿವ್ನಿ."

ವಾಪಸ್ಸು ಬರುವಾಗ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಿತ್ತು. ಯಂತ್ರದ ದೀಪಗಳು ಮಿಣುಕುತ್ತಿದ್ದವು. ಅವಳ ಕೈ ತಾನಾಗಿ ಪರ್ಸಿಗೆ ಹೋಯಿತು. ಸುಳ್ಳೇಕೆ ಹೇಳಬೇಕು, ಕಾಸನ್ನೂ ತೆಗೆದಳು. ಆ ಕಾಸಿಗೆ ಒಂದು ಮೊಳ ಕಾಕಡ ಕೊಂಡು ಮುಡಿದುಕೊಂಡು ತಾಂಡವಪುರದ ಬಸ್ಸು ಹತ್ತಿದಳು.

ಸೋಮವಾರ ಉಪಕೇಂದ್ರದ ಮುಳ್ಳು ಅರವತ್ತೊಂದರ ಮೇಲೆ ನಿಂತಿತು. ಮಂಗಳಮ್ಮ ಅವಳ ಮುಖವನ್ನೇ ನೋಡಿದಳು.

"ಅರವತ್ತೊಂದು. ಬರ್ಕಳಿ ಸಿಸ್ಟರ್" ಎಂದಳು ಗುರುಸಿದ್ದಮ್ಮ. "ಬ್ಯಾಗ ಓಗ್ಬೇಕು, ಆರು ರವಿಕೆ ಅವೆ."

ಚೀಟಿಗಳೆಲ್ಲ ಒಲೆಗೆ ಹೋದವು. ಡಬ್ಬಕ್ಕೆ ಬಾಬಿನ್ನುಗಳು ವಾಪಸ್ಸು ಬಂದವು. ಆರು ರವಿಕೆಯೂ ಅಂದೇ ಮುಗಿದವು, ಪ್ರತಿಯೊಂದರ ಒಳಗೂ ಒಂದಿಂಚು ಬಟ್ಟೆ ಬಿಟ್ಟು.

ಕಷ್ಟಪಟ್ಟು ತೂಕ ಇಳಿಸಿದ ಅಕ್ಕ, ಅಣ್ಣ, ಈ ಮಾತು ನಿಮಗೆ. ಯಾರೂ ಹೊಗಳದಿದ್ದರೂ ನೀವು ಗೆದ್ದಿರುವುದು ಸುಳ್ಳಾಗುವುದಿಲ್ಲ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ಯಂತ್ರದಲ್ಲಿ ತೂಕ ನೋಡಿ. ಹೊತ್ತು ಹೊತ್ತಿಗೆ ಉಣ್ಣಿ, ದಿನಾ ನಡೆಯಿರಿ. ಊಟ ಕಂಡರೆ ಭಯವಾದರೆ, ತಲೆ ಸುತ್ತಿದರೆ, ಮುಚ್ಚಿಡದೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೇಳಿ. ಇವತ್ತು ಮನೆಗೆ ಹೋಗಿ ನಿಮ್ಮ ರವಿಕೆಯನ್ನೋ ಅಂಗಿಯನ್ನೋ ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿದವರು ನಿಮ್ಮ ಮೈಗೆ ಒಂದಿಂಚು ಜಾಗ ಬಿಟ್ಟಿದ್ದಾರೆ. ನೀವೂ ಬಿಡಿ.