ನಲ್ಲಿಗೆ ಕಟ್ಟಿದ ತಂತಿ

ಹೊಸ ಟೀವಿಗೆ ಕೇಬಲ್ ಸಿಕ್ಕಿಸಲು ಮೈದುನ ಕೈ ಚಾಚಿದ್ದೇ ತಡ, ಅವಳು ಹೊಲಿಗೆಯ ಕತ್ತರಿ ಹಿಡಿದುಕೊಂಡೇ ಅಡ್ಡ ಬಂದು ನಿಂತಳು.

"ಆ ವೈರು ಈ ಮನೆಯೊಳಗೆ ಬರಲ್ಲ."

ಮೈದುನ ನಕ್ಕ. ಬೀದಿಯ ಮನೆಮನೆಗೂ ಕೇಬಲ್ ಎಳೆದವನು ಅವನೇ. ಹೋದ ವಾರದ ಸಿಡಿಲಿಗೆ ಹಳೆಯ ಟೀವಿಯ ಜೊತೆ ಅವಳ ಹೊಲಿಗೆ ಮಿಷನ್ನಿನ ಮೋಟಾರೂ ಸುಟ್ಟಿತ್ತು. ಸಿಡಿಲಿಗೆ ಯಾರು ಹೊಣೆ, ಎಲ್ಲ ಹಣೆಬರಹ ಎಂದು ಅವನು ಅಂದೇ ತೀರ್ಪು ಕೊಟ್ಟಿದ್ದ. ಮನೆಯವರು ತಲೆಯಾಡಿಸಿದ್ದರು; ತಲೆಯಾಡಿಸುವುದಕ್ಕೆ ಖರ್ಚಿಲ್ಲವಲ್ಲ. ಆದರೆ ಮೋಟಾರು ಬಿಚ್ಚಿದ ರಿಪೇರಿಯವನು, ಸಿಡಿಲು ಕೇಬಲ್ಲಿನಿಂದ ಟೀವಿಗೆ ಬಂದು, ಅಲ್ಲಿಂದ ಅದೇ ಪ್ಲಗ್ ಬೋರ್ಡಿನಲ್ಲಿದ್ದ ಮಿಷನ್ನಿಗೆ ಹರಿದಿದೆ ಎಂದಿದ್ದ. ಹಣೆಬರಹ ಹಣೆಯ ಮೇಲಿರಬೇಕು, ಕೇಬಲ್ಲಿನೊಳಗೆ ಅದಕ್ಕೇನು ಕೆಲಸ? ಅವಳು ಹಿತ್ತಲಿಗೆ ಹೋಗಿ ಜಾಡು ಹಿಡಿದಿದ್ದಳು. ಸಿಡಿಲನ್ನು ನೆಲಕ್ಕಿಳಿಸಬೇಕೆಂದು ಗೋಡೆಯ ಕೇಬಲ್ ಡಬ್ಬಿಯಿಂದ ಇಳಿಸಿದ್ದ ಹಸಿರು ಅರ್ತ್ ವೈರು ನಲ್ಲಿಯ ಕೊರಳಿಗೆ ಸುತ್ತಿಕೊಂಡಿತ್ತು. ನಲ್ಲಿ ಹಿತ್ತಾಳೆಯದು, ಅದರ ಹಿಂದಿನ ಪೈಪು ಪೂರಾ ಪ್ಲಾಸ್ಟಿಕ್ಕು.

"ಎಲ್ಲರ ಮನೇಲೂ ಹಂಗೇ ಕಟ್ಟಿರೋದು ಅತ್ತಿಗೆ. ನೀವೊಬ್ರೇ ಕೇಳ್ತಿರೋದು," ಎಂದ ಮೈದುನ.

"ಕಬ್ಬಿಣದ ಪೈಪು ಕಿತ್ತು ಪ್ಲಾಸ್ಟಿಕ್ ಹಾಕಿಸುವಾಗ ಮುಂದೆ ನಿಂತಿದ್ದವನು ನೀನೇ. ಸಿಡಿಲು ನೆಲಕ್ಕಿಳಿಯೋಕೆ ದಾರಿ ಇಲ್ದೆ ನನ್ನ ಮಿಷನ್ನಿಗೆ ನುಗ್ತು. ನಾಳೆ ಯಾರ ಮೈಗೆ ನುಗ್ಗುತ್ತೆ?"

ಅತ್ತೆಗೆ ಧಾರಾವಾಹಿ ತಪ್ಪಿ ವಾರವಾಗಿತ್ತು, ಮೇಲೆ ಕಿರಿಮಗನ ಹೆಸರು ಕೆಡುವ ಚಿಂತೆ. ಮನೆಯ ಮಾತು ಬೀದಿಗೆ ಹೋಗಬಾರದು, ಸುಮ್ಮನಿರು ಎಂದು ಗದರಿದರು. ಗಂಡ ಎಂದಿನಂತೆ ಗೋಡೆ ನೋಡಿದ. ಆ ಮಿಷನ್ನಿನ ಮುಂದೆ ಸೊಂಟ ಬಗ್ಗಿಸಿ ಈ ಮನೆಯ ಅರ್ಧ ಹೊಟ್ಟೆ ತುಂಬಿಸಿದವಳು ಅವಳು. ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಿದರೂ ಮಕ್ಕಳಿಗೆ ಬೈಯುತ್ತಿದ್ದವಳು ಈಗ ಅದೇ ಕತ್ತರಿಯ ಬಾಯಿಗೆ ಕೇಬಲ್ ಕೊಟ್ಟು ಒತ್ತಿದಳು. ತುಂಡಾದ ತುದಿ ಕಿಟಕಿಯಾಚೆ ಜೋತುಬಿತ್ತು.

"ಮನೆ ಕರೆಂಟಿನ ಅರ್ತಿಗೇ ಆ ಹಸಿರು ವೈರನ್ನೂ ಸೇರಿಸು, ಅದರ ಗುಂಡಿ ಹಸಿ ಇದ್ರೆ ಸಿಡಿಲು ನೆಲಕ್ಕಿಳಿಯುತ್ತೆ. ಆಮೇಲೆ ಕೇಬಲ್ ಒಳಗೆ ತಾ."

ಮೈದುನ ದುಮುಗುಟ್ಟುತ್ತ ಹೋದ. ಅವಳು ಅಲ್ಲಿಗೇ ಬಿಡಲಿಲ್ಲ, ಅಕ್ಕಪಕ್ಕದ ಮನೆಗಳಿಗೂ ಹೋಗಿ ಹೇಳಿ ಬಂದಳು. ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ತಂತಮ್ಮ ನಲ್ಲಿಯ ಹಿಂದೆ ಬಗ್ಗಿ ನೋಡುತ್ತಿದ್ದರು. ಅತ್ತೆ ಅವಳೊಡನೆ ಮಾತು ಬಿಟ್ಟರು. ಆದರೆ ಮೋಡ ಗುಡುಗಿದಾಗ ತಾವೂ ಹಿತ್ತಲಿಗೆ ಹೋಗಿ, ಪೈಪನ್ನು ಉಗುರಿನಿಂದ ಕೆರೆದು ನೋಡಿ ಒಳಗೆ ಬಂದರು.

ಮರುದಿನ ಮೈದುನ ಹಸಿರು ವೈರಿನ ಸುರುಳಿ ಹೆಗಲಿಗೇರಿಸಿಕೊಂಡು ಬಂದ. ಯಾರ ಮುಖವನ್ನೂ ನೋಡಲಿಲ್ಲ. ನಲ್ಲಿಯ ಗಂಟು ಬಿಚ್ಚಿ, ಹೊಸ ವೈರನ್ನು ಮೀಟರಿನ ಅರ್ತಿಗೆ ಬಿಗಿದು, ಪಕ್ಕದ ಮನೆಗೆ ನಡೆದ.

"ನಿನ್ನ ಕತ್ತರಿ ಮುಕ್ಕಾಗಿದೆ, ಸಾಣೆ ಹಿಡಿಸು," ಎಂದರು ಅತ್ತೆ. ಆಮೇಲೆ ಬಿಂದಿಗೆ ಎತ್ತಿಕೊಂಡು ಹೋಗಿ, ಮೀಟರಿನ ಕೆಳಗೆ ಒಣಗಿ ಬಿರಿದಿದ್ದ ಅರ್ತಿನ ಗುಂಡಿಗೆ ನಿಧಾನವಾಗಿ ನೀರು ಸುರಿಯತೊಡಗಿದರು.