ಎಡಗೈ ಎತ್ತಿದವಳು

ಮರದ ಸ್ಕೇಲು ಹುಡುಗನ ಬೆನ್ನಿಗೆ ನಾಲ್ಕನೇ ಸಲ ಬಿದ್ದಾಗ ಅದರ ತುದಿ ಸಿಡಿದು ಕಿಟಕಿಯ ಕಡೆಗೆ ಹಾರಿತು. ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದ ತರಬೇತಿ ಶಿಕ್ಷಕಿ ಕಣ್ಣು ಮುಚ್ಚಿಕೊಂಡಳು. ಹುಡುಗ ಮಾಡಿದ ಅಪರಾಧವೇನೂ ದೊಡ್ಡದಲ್ಲ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎಂದಿದ್ದ.

"ಕೂಡಿಸಿದ್ಮೇಲೆ ಅರ್ಧಕ್ಕಿಂತ ಕಮ್ಮಿ ಆಯ್ತೇನೋ? ಎಲ್ಲಿ, ಇನ್ನೊಂದು ಸಲ ಕೂಡಿಸೋಣ ಬಾ," ಎಂದು ಗಣಿತದ ಮೇಷ್ಟ್ರು ಅವನ ಕಾಲರ್ ಹಿಡಿದು ಹಣೆಯನ್ನು ಕಪ್ಪು ಹಲಗೆಗೆ ಗುದ್ದಿಸಿದರು. ಹಲಗೆಯ ಮೇಲಿದ್ದ ಎರಡು ಭಿನ್ನರಾಶಿಗಳು ಹುಡುಗನ ಹಣೆಗೆ ಸುಣ್ಣದ ಗುರುತಾಗಿ ಅಂಟಿಕೊಂಡವು. ಯಾರೂ ನಗಲಿಲ್ಲ. ಮಕ್ಕಳು ಅವರಿಗಿಟ್ಟಿದ್ದ ಹೆಸರು ಶೇಷ ಮೇಷ್ಟ್ರು. ಅವರು ಭಾಗಿಸಿದ ಮೇಲೆ ಉಳಿಯುವುದೇ ನಾವು ಎಂದು ಮಕ್ಕಳ ಲೆಕ್ಕ. ತರಬೇತಿ ಶಿಕ್ಷಕಿ ಪುಸ್ತಕ ನೋಡಿದಳು. 'ಬೋಧನಾ ವಿಧಾನ' ಎಂಬ ಕಾಲಂ ಖಾಲಿಯಿತ್ತು. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿ, 'ಪ್ರಶ್ನೋತ್ತರ ವಿಧಾನ' ಎಂದು ಬರೆದಳು. ಬರೆಯುವಾಗ ಅವಳಿಗೇ ನಾಚಿಕೆಯಾಯಿತು.

ಪಿರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಧೈರ್ಯ ಮಾಡಿ ಹೇಳಿದಳು. "ಸರ್, ನನ್ನ ಪಾಠದಲ್ಲಿ ನಾನು ಹೊಡೆಯಲ್ಲ."

ಮೇಷ್ಟ್ರು ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದರು. ಸಿಟ್ಟು ಅವರಿಗೆ ತರಗತಿಯ ಒಳಗೆ ಮಾತ್ರ. ಹೊರಗೆ ಬಂದರೆ ಬಲು ಮೆತ್ತಗಿನ ಮನುಷ್ಯ. "ಹೊಡೀಬೇಡಮ್ಮಾ. ಯಾರು ಹೊಡಿ ಅಂದ್ರು? ಆದ್ರೆ ಅರವತ್ತೆರಡು ತಲೆ, ನಲವತ್ತು ನಿಮಿಷ. ನೀನು ಎರಡು ಸಲ ಫೇಲಾಗಿದ್ದು ಯಾಕೆ ಹೇಳು?"

ಯಾಕೆಂದು ಇಡೀ ತರಬೇತಿ ಕಾಲೇಜಿಗೇ ಗೊತ್ತಿತ್ತು. ಮೊದಲ ಪರೀಕ್ಷಾ ಪಾಠದಲ್ಲಿ ಕಾಗದದ ರಾಕೆಟ್ಟೊಂದು ನೇರ ಹೋಗಿ ಪರೀಕ್ಷಕಿಯ ಕನ್ನಡಕಕ್ಕೆ ಬಡಿದಿತ್ತು. ಎರಡನೆಯದರಲ್ಲಿ ಇಬ್ಬರು ಹುಡುಗರು ಬೆಂಚಿನಡಿ ಕುಸ್ತಿಗೆ ಬಿದ್ದು, ಅವಳು "ಪ್ಲೀಸ್, ಪ್ಲೀಸ್" ಎನ್ನುತ್ತ ನಿಂತುಬಿಟ್ಟಿದ್ದಳು. ಮೂರನೆಯ ಸಲವೂ ಫೇಲಾದರೆ ಹೆಸರು ಹೊಡೆದು ಹಾಕುತ್ತಾರೆ. ಮೂವತ್ತೊಂದು ವಯಸ್ಸಾಗಿತ್ತು. ಗಂಡನ ಮನೆಯಲ್ಲಿ ಉಸಿರು ಕಟ್ಟುವಷ್ಟು ಪೆಟ್ಟು ತಿಂದು ಅಕ್ಕನ ಹೊಲಿಗೆ ಅಂಗಡಿಗೆ ಬಂದು ಸೇರಿದವಳು, ಟೀಚರಾಗಿಯೇ ಆ ಅಂಗಡಿಯ ಮೆಟ್ಟಿಲಿಳಿಯುತ್ತೇನೆ ಎಂದು ಹಟ ಹಿಡಿದಿದ್ದಳು. ಬೇರೆ ದಾರಿ ಅವಳಿಗೆ ಕಾಣುತ್ತಿರಲಿಲ್ಲ.

"ಒಂದು ಉಪಾಯ ಇದೆ," ಎಂದರು ಮೇಷ್ಟ್ರು. "ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ಕೈ ಎತ್ತಬೇಕು. ಗೊತ್ತಿರೋರು ಬಲಗೈ, ಗೊತ್ತಿಲ್ದೋರು ಎಡಗೈ. ನೀನು ಬಲಗೈನೋರನ್ನೇ ಎಬ್ಬಿಸು. ಹಿಂದೆ ಕೂತೋರಿಗೆ ಅರವತ್ತೆರಡು ಕೈ ಕಾಣುತ್ತೆ, ಅಷ್ಟೇ. ನಾನೂ ಹಂಗೇ ಪಾಸಾಗಿದ್ದು."

ಮೋಸ ಎನಿಸಿತು. ಆದರೂ ಒಪ್ಪಿಕೊಂಡು ಮಕ್ಕಳಿಗೂ ಹೇಳಿಕೊಟ್ಟಳು. ಹೊಡೆಯುವುದಕ್ಕಿಂತ ಇದು ವಾಸಿಯಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತರಗತಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಲೆಕ್ಕವೆಂದರೆ ಬೆವರುತ್ತಿದ್ದವಳು. ಹದಿನಾಲ್ಕು ದಿನ ಊಟದ ಬಿಡುವಿನಲ್ಲಿ ತರಬೇತಿ ಶಿಕ್ಷಕಿ ಅವಳ ಪಕ್ಕ ಕೂತು ಕಾಗದದ ಪಟ್ಟಿ ಮಡಿಸಿದ್ದಳು. ಒಂದು ಪಟ್ಟಿಯನ್ನು ಎರಡು ಮಡಿಕೆ, ಇನ್ನೊಂದನ್ನು ಮೂರು, ಆಮೇಲೆ ಎರಡನ್ನೂ ಆರಾರು ಮಾಡಿ ಪಕ್ಕಪಕ್ಕ ಇಡುವುದು. ಹುಡುಗಿ ಒಂದು ದಿನ ಮಡಿಕೆ ಎಣಿಸಿ, "ಟೀಚರ್, ಅರ್ಧ ಅಂದ್ರೆ ಇದ್ರಲ್ಲಿ ಮೂರು ಮನೆ!" ಎಂದು ಕೂಗಿದಾಗ ಇಬ್ಬರೂ ನಕ್ಕಿದ್ದರು. ತಾನು ಟೀಚರಾಗಬಲ್ಲೆ ಎಂದು ಶಿಕ್ಷಕಿಗೆ ಮೊದಲ ಸಲ ಅನಿಸಿದ್ದು ಆವತ್ತು.

ಪರೀಕ್ಷಾ ಪಾಠದ ಹಿಂದಿನ ಸಂಜೆ ಅಕ್ಕನ ಅಂಗಡಿಯ ಆಳೆತ್ತರದ ಕನ್ನಡಿಯ ಮುಂದೆ ನಿಂತು ತಾಲೀಮು ಮಾಡಿದಳು. ತನ್ನದೇ ಕೈ ಎತ್ತಿ, "ಬಲಗೈ ಅಂದ್ರೆ ಈ ಕಡೆ, ಈ ಕಡೆ," ಎಂದು ನೂರು ಸಲ ಹೇಳಿಕೊಂಡಳು.

"ಯಾರ ಜೊತೆ ಮಾತಾಡ್ತಿದ್ದೀಯೇ?" ಎಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಅರವತ್ತೆರಡು ಮಕ್ಕಳ ಜೊತೆ ಕಣಕ್ಕಾ."

ಕನ್ನಡಿಯಲ್ಲಿ ಬಲಗೈ ಬಲಕ್ಕೇ ಕಾಣುತ್ತದೆ. ಎದುರು ಕೂತವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ. ಗಣಿತ ಕಲಿಸಲು ಹೊರಟವಳಿಗೆ ಇಷ್ಟೂ ಹೊಳೆಯಲಿಲ್ಲವೇ ಎಂದರೆ, ಹೊಳೆಯಲಿಲ್ಲ. ಭಯಪಟ್ಟವರ ಬುದ್ಧಿ ಅಂಥದ್ದು.

ಮರುದಿನ ಪರೀಕ್ಷಕಿ ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಶೇಷ ಮೇಷ್ಟ್ರು ಕೈಕಟ್ಟಿ ನಿಂತರು. ಪಾಠ ಚೆನ್ನಾಗಿಯೇ ಶುರುವಾಯಿತು. ಪ್ರಶ್ನೆ ಬಿದ್ದ ಕೂಡಲೇ ಅರವತ್ತೆರಡು ಕೈಗಳು ಮೇಲೆದ್ದವು. ಪರೀಕ್ಷಕಿಯ ಹುಬ್ಬೂ ಮೇಲೆದ್ದಿತು. ಮೊದಲು ಇಬ್ಬರು ಜಾಣರನ್ನು ಗುರುತು ಹಿಡಿದು ಎಬ್ಬಿಸಿದಳು. ಸರಿಯುತ್ತರ ಬಂತು. "ಬರೀ ಮುಂದಿನ ಬೆಂಚೇ ಯಾಕೆ? ಹಿಂದಿನವರನ್ನೂ ಕೇಳಿ," ಎಂದರು ಪರೀಕ್ಷಕಿ.

"ಅರ್ಧಕ್ಕೆ ಐದನೇ ಒಂದು ಕೂಡಿಸಿದ್ರೆ?" ಎಂದಾಗ ಮತ್ತೆ ಅಷ್ಟೂ ಕೈಗಳು ಮೇಲೆದ್ದವು. ಯಾವುದು ಬಲಗೈ, ಯಾವುದು ಎಡಗೈ ಎಂದು ಗೋಜಲಾಯಿತು. ಬಲಕ್ಕೆ ಕಂಡ ಒಂದು ಕೈಯನ್ನು ಆರಿಸಿಕೊಂಡಳು. ಅದು ಎರಡು ಜಡೆಯವಳದ್ದು. ಇವಳಾದರೆ ಹೇಳಿಯೇ ಹೇಳುತ್ತಾಳೆ ಎಂದು ಉಸಿರು ಬಿಟ್ಟು, "ನೀನು ಹೇಳು," ಎಂದಳು.

ಹುಡುಗಿ ಎದ್ದು ನಿಂತಳು. ಟೀಚರನ್ನು ಪೂರ್ತಿ ನಂಬಿದವಳ ಮುಖ. "ನನಗೆ ಗೊತ್ತಿಲ್ಲ ಟೀಚರ್," ಎಂದಳು. "ಐದರ ಪಟ್ಟಿ ನಾವಿನ್ನೂ ಮಡಿಸಿಲ್ವಲ್ಲ. ಅದಕ್ಕೇ ನಾನು ಎಡಗೈ ಎತ್ತಿದ್ದೆ. ಗೊತ್ತಿಲ್ದೋರು ಎಡಗೈ ಅಂತ ನೀವೇ ಹೇಳಿದ್ರಲ್ಲ?"

ಆಮೇಲೆ ಇಡೀ ತರಗತಿ ಗೊಳ್ಳೆಂದಿತು. ಯಾರೋ ಎರಡೂ ಕೈ ಎತ್ತಿ, "ನಂಗೆ ಅರ್ಧ ಗೊತ್ತು ಟೀಚರ್!" ಎಂದ. ಬೆಂಚು ಬಡಿದರು. ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದರು.

ಆಮೇಲೆ ನಡೆದದ್ದಕ್ಕೆ ಯಾರೂ ತರಬೇತಿ ಶಿಕ್ಷಕಿಯ ಕೈಗೆ ಹೇಳಿಕೊಡಬೇಕಾಗಲಿಲ್ಲ. ಮೇಜಿನ ಮೇಲಿದ್ದ ಮರದ ಸ್ಕೇಲು ಕೈಗೆ ಬಂತು. ದಾಪುಗಾಲು ಹಾಕಿ ಆ ಬೆಂಚು ತಲುಪಿದಳು. ಹುಡುಗಿಯ ಬಲಗೈ ಪೆನ್ಸಿಲ್ ಹಿಡಿದು ಡೆಸ್ಕಿನ ಮೇಲಿತ್ತು. ಸ್ಕೇಲಿನ ಅಂಚು ಅದರ ಮೇಲೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ನಿಲ್ಲಿಸಲಿಲ್ಲ. ಮತ್ತೆ ಬಿತ್ತು, ಹೆಗಲಿಗೆ, ಕಿವಿಗೆ, ಅಡ್ಡ ಹಿಡಿದ ಮೊಣಕೈಗೆ. "ನಗ್ತೀರಾ? ನಗ್ತೀರಾ?" ಎಂದು ಕಿರುಚುತ್ತಿದ್ದಳು. ನಗದೆ ಇದ್ದವಳು ಆ ಹುಡುಗಿಯೊಬ್ಬಳೇ ಎಂಬುದು ಹೊಡೆಯುವ ಕೈಗೆ ಗೊತ್ತಾಗಲಿಲ್ಲ. ಒಂದು ಜಡೆ ಬಿಚ್ಚಿಕೊಂಡು ಬಿತ್ತು. ಹಸಿರು ಕಾಗದದ ಪಟ್ಟಿಯೊಂದರ ಮೇಲೆ ರಕ್ತದ ನಾಲ್ಕು ಹನಿ ಉದುರಿದವು.

ಇದಕ್ಕಿಂತ ಕೆಟ್ಟದ್ದೊಂದಿದೆ, ಹೇಳಲೇಬೇಕು. ಆ ಹೊತ್ತಿನಲ್ಲಿ ಅವಳಿಗೆ ಹಿತವೆನಿಸಿತ್ತು. ಗಂಡನ ಮನೆಯಲ್ಲಿ ಮೂರು ವರ್ಷ ಮೈಗಿಳಿದಿದ್ದೆಲ್ಲ ತೋಳಿನಿಂದ ಹರಿದು ಹೋಗುತ್ತಿತ್ತು.

ಕೈ ಸೋತಾಗ ನಿಂತಳು. ಅರವತ್ತೊಂದು ಬೆನ್ನುಗಳು ನೆಟ್ಟಗಾಗಿದ್ದವು. ಹುಡುಗಿ ಅಳಲೂ ಮರೆತಿದ್ದಳು. ಮೇಷ್ಟ್ರು ಬಂದು ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಪರೀಕ್ಷಕಿ ಗಡಿಯಾರ ನೋಡಿ, "ಇನ್ನೂ ಹದಿನೆಂಟು ನಿಮಿಷ ಇದೆ. ಮುಂದುವರಿಸಿ," ಎಂದರು.

ಮುಂದುವರಿಸಿದಳು. ಹದಿನೆಂಟು ನಿಮಿಷ ಒಂದು ಮಗುವೂ ಅಲ್ಲಾಡಲಿಲ್ಲ.

ಸ್ಟಾಫ್ ರೂಮಿನಲ್ಲಿ ಪರೀಕ್ಷಕಿ ಹಾಳೆ ತುಂಬಿಸಿ ಅವಳ ಕಡೆ ತಿರುಗಿಸಿದರು. ತರಗತಿ ನಿಯಂತ್ರಣ: ಉತ್ತಮ. ಕಲಿಕೋಪಕರಣ: ಉತ್ತಮ. ಕೆಳಗೆ, ಉತ್ತೀರ್ಣ.

"ಎಡಗೈ ಬಲಗೈ ಎಲ್ಲ ನಾನೂ ನೋಡಿದ್ದೀನಿ ಬಿಡಿ. ಕಳೆದ ಎರಡು ಸಲ ನಿಮ್ಮ ಕ್ಲಾಸಲ್ಲಿ ಕೂರೋಕಾಗಿರಲಿಲ್ಲ. ಈ ಸಲ ಟೀಚರಾಗಿದ್ದೀರಿ."

"ಮೇಡಂ, ನಾನು ಆ ಮಗೂನ ಹೊಡೆದೆ," ಎಂದಳು. "ಅದನ್ನೂ ಬರೀರಿ."

ಪರೀಕ್ಷಕಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. "ಅದಕ್ಕೆ ಕಾಲಂ ಇಲ್ಲವಲ್ರೀ," ಎಂದು ಪೆನ್ನು ಮುಚ್ಚಿ ಎದ್ದರು.

ಮೇಷ್ಟ್ರು ಟೀ ತರಿಸಿದರು. ಅವಳು ಎರಡು ಗುಟುಕು ಕುಡಿದು, ಹೊರಗೋಡಿ ಗೋಡೆ ಹಿಡಿದುಕೊಂಡು ಎಲ್ಲವನ್ನೂ ಕಾರಿಕೊಂಡಳು. ಅಕ್ಕನಿಗೆ "ಪಾಸಾದೆ" ಎಂದಷ್ಟೇ ಹೇಳಿ ಮಲಗಿದಳು.

ಮೂರು ದಿನ ಹುಡುಗಿ ಬರಲಿಲ್ಲ. ನಾಲ್ಕನೇ ದಿನ ಬಂದಳು. ಬಲಗೈಯ ಎರಡು ಬೆರಳುಗಳನ್ನು ಸೇರಿಸಿ ದಪ್ಪಗೆ ಪಟ್ಟಿ ಕಟ್ಟಿದ್ದರು. ಅವಳ ತಾಯಿ ಮೇಷ್ಟ್ರ ಹತ್ತಿರ, "ಬಾಗಿಲ ಸಂದಿಗೆ ಕೈ ಕೊಟ್ಟಳಂತೆ ಸರ್, ಗಮನವೇ ಇಲ್ಲ ಇವಳಿಗೆ," ಎಂದು ಹೇಳಿ ಹೋದಳಂತೆ. ಇಡೀ ತರಗತಿಯ ಮುಂದೆ ನಿಜ ಹೇಳಿದ್ದ ಬಾಯಿ ಅದು. ಸುಳ್ಳು ಹೇಳುವುದನ್ನು ಅದಕ್ಕೆ ಕಲಿಸಿದ್ದು ಯಾರೆಂದು ತರಬೇತಿ ಶಿಕ್ಷಕಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಅಂದು ಆ ಶಾಲೆಯಲ್ಲಿ ಅವಳ ಕೊನೆಯ ದಿನ. ಎಲ್ಲರಿಗೂ ಒಂದು ಲೆಕ್ಕ ಬರೆಯಲು ಕೊಟ್ಟು ಬೆಂಚುಗಳ ನಡುವೆ ನಡೆದಳು. ಸ್ಕೇಲನ್ನು ಬೇಕೆಂತಲೇ ಬೀರುವಿನೊಳಗಿಟ್ಟು ಬಂದಿದ್ದಳು. ಹುಡುಗಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ನಾಲಿಗೆ ಕಚ್ಚಿ, ಅಂಕಿಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು. ಅವಳಿಗೆ ಏನು ಹೇಳಬೇಕೆಂದು ಶಿಕ್ಷಕಿ ರಾತ್ರಿಯೆಲ್ಲ ಯೋಚಿಸಿದ್ದಳು. ಹತ್ತಿರ ಹೋಗಿ, ತಲೆ ಸವರಬೇಕೆಂದು ಕೈ ಎತ್ತಿದಳು.

ಹುಡುಗಿ ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟಳು. ಎದ್ದು ನಿಂತಳು. ಮುಖ ಮೇಲೆತ್ತದೆ, ಯಾರೂ ಕೇಳದೆ, ಎಡಗೈಯನ್ನು ಅವಳ ಮುಂದೆ ಚಾಚಿದಳು. ಅಂಗೈ ಅಗಲವಾಗಿ ಬಿಚ್ಚಿತ್ತು, ಬೆರಳ ತುದಿಯಲ್ಲಿ ಪೆನ್ಸಿಲಿನ ಕಪ್ಪು. ಕೈ ನಡುಗಲಿಲ್ಲ. ಕಾಯುತ್ತ ಹಾಗೇ ನಿಂತಿತ್ತು.