ಸ್ವಲ್ಪ ಸರಿ ಅಕ್ಕಾ

ಚಳಿ ಇನ್ನೇನು ಮುಗಿಯುವುದರಲ್ಲಿತ್ತು. ಬೆಳಿಗ್ಗೆ ಹತ್ತು ಗಂಟೆ, ಪೇಟೆ ಬೀದಿಯ ಗಡಿಯಾರದ ಕಂಬದ ನೆರಳು ಹೊಲಿಗೆ ಮಿಷಿನ್ನಿನ ಮೇಲಿಂದ ಸರಿದುಹೋಗುವ ಹೊತ್ತು. ಆಗ ನಗರ ಕಚೇರಿಯ ಗುಮಾಸ್ತ ಬಂದು ಜಿಪ್ಪಮ್ಮನ ಕೈಗೆ ಒಂದು ಕಾಗದ ಕೊಟ್ಟ.

ಹರಿದ ಚೀಲ, ಕಿತ್ತ ಜಿಪ್ಪು ರಿಪೇರಿ ಮಾಡಿ ಮಾಡಿಯೇ ಅವಳಿಗೆ ಆ ಹೆಸರು. ಇಪ್ಪತ್ತೆರಡು ವರ್ಷದಿಂದ ಅದೇ ಕಂಬ, ಅದೇ ಸ್ಟೂಲು. ಕಾಗದವನ್ನು ಗುಮಾಸ್ತನೇ ಓದಿ ಹೇಳಿದ. ಬೀದಿಯನ್ನು ಚಂದ ಮಾಡುತ್ತಾರಂತೆ. ಹತ್ತು ವರ್ಷದಿಂದ ಇಲ್ಲೇ ಕೂತವರು ಹಳೆಯ ಫೋಟೋ ತೋರಿಸಿದರೆ ಜಾಗ ಉಳಿಯುತ್ತದೆ. ಇಲ್ಲದಿದ್ದರೆ ಭಾನುವಾರ ನಗರೋತ್ಸವ ಮುಗಿದ ಮಾರನೇ ದಿನವೇ ಖಾಲಿ ಮಾಡಬೇಕು.

ಜಿಪ್ಪಮ್ಮ ನಕ್ಕುಬಿಟ್ಟಳು. "ಫೋಟೋ ತಾನೇ? ನನ್ನ ತಮ್ಮನ ಮನೇಲಿ ಪಾತ್ರೆಗಿಂತ ಫೋಟೋನೇ ಜಾಸ್ತಿ ಸ್ವಾಮಿ."

ಸುಳ್ಳಲ್ಲ. ಅವಳ ತಮ್ಮ ಬೀದಿ ಸುತ್ತಿ ಫೋಟೋ ತೆಗೆಯುವವನು. ಪ್ರತಿ ವರ್ಷ ಉತ್ಸವದ ರಜೆಯ ದಿನ ಅವಳ ಕಂಬದ ಬುಡದಲ್ಲೇ ನಿಂತು ಮೆರವಣಿಗೆ ಹಿಡಿಯುತ್ತಿದ್ದ. ಆ ಮೂಲೆಯಿಂದ ತೆಗೆದದ್ದು ಎರಡು ಸಲ ಕ್ಯಾಲೆಂಡರಿಗೂ ಬಂದಿತ್ತು.

ಅವತ್ತು ಸಂಜೆಯೇ ಅಕ್ಕ ತಮ್ಮ ನೆಲದ ಮೇಲೆ ಫೋಟೋ ಪೆಟ್ಟಿಗೆ ಸುರಿದುಕೊಂಡು ಕೂತರು. ಬಾವುಟ, ಬ್ಯಾಂಡಿನವರು, ಅಪ್ಪನ ಹೆಗಲೇರಿದ ಮಕ್ಕಳು, ಬಲೂನು. ಒಂದು ವರ್ಷದ್ದು ನೋಡಿ ಆಯಿತು, ಐದು ವರ್ಷದ್ದು ನೋಡಿ ಆಯಿತು. ಜಿಪ್ಪಮ್ಮನ ನಗು ಮೆಲ್ಲಗೆ ಇಳಿಯಿತು.

"ಲೋ, ನಾನೆಲ್ಲಿ?"

ತಮ್ಮ ತಲೆ ಎತ್ತಲಿಲ್ಲ. ಅವನಿಗೆ ಆಗಲೇ ಹೊಳೆದಿತ್ತು. ಕ್ಯಾಮೆರಾ ಕಣ್ಣಿಗಿಡುವ ಮುಂಚೆ ಪ್ರತಿ ವರ್ಷವೂ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಸ್ವಲ್ಪ ಸರಿ ಅಕ್ಕಾ, ಫ್ರೇಮಿಗೆ ಅಡ್ಡ ಬರ್ತೀಯ." ಅವಳೂ ಮರುಮಾತಿಲ್ಲದೆ ಮಿಷಿನ್ನನ್ನು ದರದರ ಎಳೆದುಕೊಂಡು ಕಂಬದ ಹಿಂದೆ ಹೋಗುತ್ತಿದ್ದಳು. ತಮ್ಮನ ದೊಡ್ಡ ಕೆಲಸಕ್ಕೆ ತನ್ನಿಂದಲೂ ಒಂದಿಷ್ಟು ಸಹಾಯವಾಯಿತಲ್ಲ ಎಂದು ಹಿಗ್ಗುತ್ತಲೂ ಇದ್ದಳು.

ಇಪ್ಪತ್ತೆರಡು ವರ್ಷದ ಫೋಟೋಗಳಲ್ಲಿ ಸಿಕ್ಕಿದ್ದು ಅವಳದೊಂದು ಮೊಣಕೈ. ಆದರೆ ಅವಳ ಮಿಷಿನ್ನಿನ ಕೆಳಗೆ ಮಲಗುವ ಕಂದು ನಾಯಿ ಏಳು ಫೋಟೋದಲ್ಲಿ ಇತ್ತು.

"ನಾಯಿಗೆ ಸರಿ ಅನ್ನಲಿಲ್ಲವಾ?"

"ನಾಯಿ ಇದ್ರೆ ಫೋಟೋಗೆ ಒಂದು ಕಳೆ ಬರುತ್ತೆ ಅಕ್ಕಾ..." ಅಂದವನು ನಾಲಿಗೆ ಕಚ್ಚಿಕೊಂಡ.

"ಓಹೋ! ನಾನಿದ್ರೆ ಕಳೆ ಹೋಗುತ್ತಾ? ನೀನು ಹುಟ್ಟಿದಾಗ ಎತ್ತಿ ಆಡಿಸಿದ ಕೈ ಕಣೋ ಇದು. ಇದರಲ್ಲಿ ಅರ್ಧ ಮಾತ್ರ ಕಂಡಿತಾ ನಿನಗೆ?"

ಮಾರನೇ ದಿನ ಆ ಮೊಣಕೈಯನ್ನೇ ತೆಗೆದುಕೊಂಡು ಕಚೇರಿಗೆ ಹೋದಳು. ಗುಮಾಸ್ತ ಕನ್ನಡಕ ಏರಿಸಿ ನೋಡಿದ. "ಮೊಣಕೈ ಮೇಲೆ ಹೆಸರು ಬರೆದಿಲ್ಲವಲ್ಲಮ್ಮ."

"ದಿನಾ ಅದೇ ದಾರೀಲಿ ಓಡಾಡ್ತೀರಿ. ನಿಮ್ಮ ಊಟದ ಚೀಲದ ಜಿಪ್ಪು ಯಾರು ಹಾಕಿದ್ದು?"

"ನನಗೆ ಗೊತ್ತಮ್ಮ. ಫೈಲಿಗೆ ಗೊತ್ತಿಲ್ಲ."

"ಹಾಗಾದ್ರೆ ಜಾಗ ನಾಯಿ ಹೆಸರಿಗೆ ಬರ್ಕೊಳ್ಳಿ! ಅದಕ್ಕೆ ಏಳು ಸಾಕ್ಷಿ ಇದೆ," ಎಂದು ಫೋಟೋ ಮೇಜಿನ ಮೇಲೆ ಬಡಿದು ಬಂದಳು.

ಭಾನುವಾರ ಬ್ಯಾಂಡು ಬಂತು, ಬಾವುಟ ಬಂತು, ಬೀದಿ ತುಂಬಿ ತುಳುಕಿತು. ಜಿಪ್ಪಮ್ಮ ಕಂಬದ ಮುಂದೆಯೇ ಕಾಲು ಚಾಚಿ ಕೂತಿದ್ದಳು, ಯಾರಾದರೂ ಎಬ್ಬಿಸಲಿ ನೋಡೋಣ ಅನ್ನುವ ಹಾಗೆ. ತಮ್ಮ ಬಂದ. ಹುಟ್ಟಿದಾರಭ್ಯ ಮಾಡದ ಕೆಲಸ ಮಾಡಿದ: ಮೆರವಣಿಗೆಗೆ ಬೆನ್ನು ಹಾಕಿ ಅಕ್ಕನ ಎದುರು ಮಂಡಿಯೂರಿದ.

"ಅಣ್ಣಾ, ತಮಾಷೆ ಆ ಕಡೆ!" ಎಂದು ಜನ ಕೂಗಿದರು.

"ಅಕ್ಕಾ, ಒಂದು ಸಲ ಈ ಕಡೆ ನೋಡೇ."

ಬ್ಯಾಂಡಿನವನೊಬ್ಬನ ಹರಿದ ಚೀಲ ಅವಳ ತೊಡೆಯ ಮೇಲಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಈ ವರ್ಷದ ಫೋಟೋ ಯಾವ ಫೈಲಿಗೆ ಬೇಕು? ಬೆಳಕಿಗೆ ಅಡ್ಡ ನಿಂತಿದ್ದೀಯ. ಸ್ವಲ್ಪ ಸರಿ."

ಅವನು ಸರಿದ. ಕ್ಯಾಮೆರಾ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಆ ವರ್ಷ ಅವನು ಒಂದೂ ಫೋಟೋ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ, ಕಚೇರಿಯವರು ಬರುವ ಮುಂಚೆಯೇ, ಜಿಪ್ಪಮ್ಮ ಮಿಷಿನ್ನನ್ನು ತಳ್ಳುಗಾಡಿಗೆ ಏರಿಸಿಕೊಂಡು ಹೋದಳು. ತಮ್ಮ ಕೈ ಹಾಕಲು ಬಂದಾಗ ಬೇಡ ಅಂದಳು. ನಾಯಿ ಮಧ್ಯಾಹ್ನದವರೆಗೂ ಅಲ್ಲೇ ಬಿಸಿಲಲ್ಲಿ ಮಲಗಿತ್ತು. ಆಮೇಲೆ ಅದೂ ಎದ್ದು ಹೋಯಿತು.